ಟ್ವೀಡ್ ಕೋಟು: ತೊಡೋಣವೇ, ಬೇಡವೇ?



ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ನೀಲಗಿರಿಯಲ್ಲಿ ಎರಡು ಚರ್ಚೆಗಳು ಶುರುವಾಗುತ್ತವೆ. ಕ್ರಿಸ್ಮಸ್ ಗಾಯನ ತಂಡ ಯಾವ ದಿನ ಯಾವ ಬೀದಿಗೆ ಹೋಗಬೇಕು ಎಂಬುದು ಒಂದು. ಈ ಸಲ ಏನು ತೊಡುವುದು ಎಂಬುದು ಇನ್ನೊಂದು. ಈಚೆಗೆ ನಮ್ಮ ಹುಡುಗರ ಬಾಯಲ್ಲಿ 'ಟ್ವೀಡ್ ಕೋಟು' ಎಂಬ ಮಾತು ಹೆಚ್ಚು ಕೇಳಿಬರುತ್ತಿದೆ. ಪೀಕಿ ಬ್ಲೈಂಡರ್ಸ್‌ನಂತಹ ಧಾರಾವಾಹಿಗಳನ್ನು ಮೊಬೈಲಿನಲ್ಲಿ ನೋಡಿದವರು, ಊಟಿಯ ಹಳೆಯ ಫೋಟೊಗಳಲ್ಲಿ ದೊರೆಗಳನ್ನು ಕಂಡವರು, ತಾವೂ ಹಾಗೆ ಕಾಣಬೇಕು ಎನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ ಹಣ ಕೊಡುವ ಮೊದಲು ಆ ಬಟ್ಟೆಯ ಗುಣವನ್ನೂ ದೋಷವನ್ನೂ ತಿಳಿದುಕೊಳ್ಳುವುದು ಒಳ್ಳೆಯದು ಎಂದು ನಮಗೆ ಅನ್ನಿಸಿದೆ.

ಟ್ವೀಡ್ ಎಂದರೆ ಕುರಿಯ ಉಣ್ಣೆಯಿಂದ ನೇಯ್ದ ಒರಟಾದ, ದಪ್ಪನೆಯ ಬಟ್ಟೆ. ಅದರ ತವರು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್. ಎಳೆಗಳು ಓರೆಯಾಗಿ ಸಾಗುವ ನೇಯ್ಗೆಯನ್ನು ಸ್ಕಾಟ್ಲೆಂಡಿನ ಜನ 'ಟ್ವೀಲ್' ಎನ್ನುತ್ತಿದ್ದರು. 1830ರ ಸುಮಾರಿಗೆ ಲಂಡನ್ನಿನ ವ್ಯಾಪಾರಿಯೊಬ್ಬ ಆ ಪದವನ್ನು ತಪ್ಪಾಗಿ ಓದಿ, ಸ್ಕಾಟ್ಲೆಂಡಿನ ಟ್ವೀಡ್ ನದಿಯ ಹೆಸರೆಂದು ಭಾವಿಸಿದ, ಅಲ್ಲಿಂದ ಈ ಹೆಸರು ನಿಂತಿತು ಎಂದು ಕಥೆ ಹೇಳುತ್ತಾರೆ.

ಈ ಬಟ್ಟೆಗಳಲ್ಲಿ ಹೆಚ್ಚು ಹೆಸರಾದದ್ದು ಸ್ಕಾಟ್ಲೆಂಡಿನ ಪಶ್ಚಿಮದ ಸಮುದ್ರದಲ್ಲಿರುವ ಹೊರ ಹೆಬ್ರಿಡೀಸ್ ದ್ವೀಪಗಳ ಹ್ಯಾರಿಸ್ ಟ್ವೀಡ್. ಮರಗಳು ಕಡಿಮೆ, ಗಾಳಿ ಮಳೆ ಹೆಚ್ಚು, ಮಣ್ಣು ಬಡವು. ಅಲ್ಲಿನ ಬಡ ರೈತರು ತಮ್ಮ ಕುರಿಯ ಉಣ್ಣೆಯನ್ನು ತಾವೇ ನೂತು, ತಮ್ಮ ಮನೆಯಲ್ಲೇ ನೇಯುತ್ತಿದ್ದರು. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು ತಂದು ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ನೇಯ್ದ ಬಟ್ಟೆಯನ್ನು ಹಳೆಯ ಮೂತ್ರದಲ್ಲಿ ನೆನೆಸಿ, ಹೆಂಗಸರು ಹಲಗೆಯ ಸುತ್ತ ಕುಳಿತು, ಗೇಲಿಕ್ ಭಾಷೆಯ ಹಾಡು ಹೇಳುತ್ತಾ ಅದನ್ನು ಬಡಿದು ಗಟ್ಟಿ ಮಾಡುತ್ತಿದ್ದರು. ಅವರ ಭಾಷೆಯಲ್ಲಿ ಅದರ ಹೆಸರು 'ಕ್ಲೋ ಮೋರ್', ಅಂದರೆ ದೊಡ್ಡ ಬಟ್ಟೆ.

1840ರ ದಶಕದಲ್ಲಿ ಹ್ಯಾರಿಸ್ ದ್ವೀಪದ ಒಡೆತನವಿದ್ದ ಮನೆತನದ ಲೇಡಿ ಡನ್‌ಮೋರ್ ಈ ಬಟ್ಟೆಯನ್ನು ತನ್ನ ಶ್ರೀಮಂತ ಗೆಳೆಯರಿಗೆ ಪರಿಚಯಿಸಿದಳು. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಆ ಭಾಗದ ಜನ ಹಸಿವಿನಲ್ಲಿದ್ದ ಕಾಲ ಅದು. ಬಟ್ಟೆ ಮಾರಾಟವಾಗಿ ದ್ವೀಪದ ಮನೆಗಳಿಗೆ ಒಂದಿಷ್ಟು ಕಾಸು ಬಂತು. ಬೇಟೆಗೆಂದು ಸ್ಕಾಟ್ಲೆಂಡಿಗೆ ಬರುತ್ತಿದ್ದ ಧನಿಕರೂ ಜಮೀನ್ದಾರರೂ ಇದನ್ನೇ ತೊಡತೊಡಗಿದರು. ತಮ್ಮ ಕಾವಲುಗಾರರಿಗೂ ಬೇಟೆಯಾಳುಗಳಿಗೂ ಒಂದೊಂದು ಎಸ್ಟೇಟಿಗೆ ಒಂದೊಂದು ಚೌಕಳಿಯಂತೆ ನೇಯಿಸಿ ಕೊಟ್ಟರು. ಬಡವರ ಮನೆಯ ಬಟ್ಟೆ ಹೀಗೆ ದೊರೆಗಳ ಮೈಗೆ ಏರಿತು. ಅವರಲ್ಲಿ ಕೆಲವರು ನಮ್ಮ ಬೆಟ್ಟಗಳಿಗೂ ಬಂದರು. 1819ರಲ್ಲಿ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಗೆ ಬಂದ ಮೇಲೆ ಊಟಿ ಬೆಳೆಯಿತು, ಮುಂದೆ ಮದ್ರಾಸ್ ಪ್ರಾಂತ್ಯದ ಬೇಸಿಗೆ ರಾಜಧಾನಿಯಾಯಿತು. ಕೋಟು ತೊಟ್ಟವನು ದೊರೆ, ಕಂಬಳಿ ಹೊದ್ದವನು ಆಳು ಎಂಬ ಲೆಕ್ಕ ಆ ಕಾಲದಿಂದ ನಮ್ಮ ತಲೆಯೊಳಗೆ ಕೂತಿದೆ.

ಈಗ ಅದರ ಒಳ್ಳೆಯ ಗುಣಗಳನ್ನು ನೋಡೋಣ. ಅವು ನಿಜವಾದ ಗುಣಗಳೇ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ತುಂತುರು ಮಳೆಯಲ್ಲಿ ಬಸ್ಸಿಗೆ ಕಾಯುವವನಿಗೆ ಇದು ದೊಡ್ಡ ಅನುಕೂಲ. ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಮೈ ಬೆಚ್ಚಗಿರುತ್ತದೆ. ಕಿಡಿ ಬಿದ್ದರೆ ಪಾಲಿಯೆಸ್ಟರ್‌ನಂತೆ ಕರಗಿ ಮೈಗೆ ಅಂಟಿಕೊಳ್ಳುವುದಿಲ್ಲ. ಹತ್ತಿರದಿಂದ ನೋಡಿದರೆ ಒಂದೇ ಎಳೆಯಲ್ಲಿ ಹಸಿರು, ಕಂದು, ನೀಲಿ, ಹಳದಿ ಸೇರಿರುತ್ತವೆ. ಆದ್ದರಿಂದ ಧೂಳು, ಸಣ್ಣ ಕಲೆ ಬೇಗ ಎದ್ದು ಕಾಣುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬರುತ್ತದೆ. ಮೊಣಕೈ ಸವೆದರೆ ಚರ್ಮದ ತೇಪೆ ಹಾಕಿ ಮತ್ತೆ ತೊಡಬಹುದು. ತೇಪೆಯನ್ನೇ ಅಂದವೆಂದು ಒಪ್ಪಿಕೊಂಡ ಕೋಟು ಬೇರೆ ಯಾವುದಿದೆ?

ಇನ್ನೊಂದು ಸಂಗತಿಯೂ ನಮಗೆ ಮೆಚ್ಚುಗೆಯಾಗಿದೆ. ಹ್ಯಾರಿಸ್ ಟ್ವೀಡ್‌ಗೆ ಗೋಳದ ಮೇಲೆ ಶಿಲುಬೆಯಿರುವ ಮುದ್ರೆಯಿದೆ. ಅದು 1910ರಲ್ಲಿ ನೋಂದಣಿಯಾಯಿತು. 1993ರಲ್ಲಿ ಬ್ರಿಟಿಷ್ ಸಂಸತ್ತು ಈ ಬಟ್ಟೆಗೆಂದೇ ಒಂದು ಕಾನೂನು ಮಾಡಿತು. ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು, ಕೊನೆಯ ಹದ ಕೊಡುವುದು ಎಲ್ಲವೂ ಆ ದ್ವೀಪಗಳಲ್ಲೇ ನಡೆಯಬೇಕು, ನೇಯ್ಗೆಯನ್ನು ದ್ವೀಪದ ಜನ ತಮ್ಮ ಮನೆಯಲ್ಲೇ ಕೈಮಗ್ಗದಿಂದ ಮಾಡಬೇಕು ಎಂದು ಅದು ಹೇಳುತ್ತದೆ. ಹಾಗಿಲ್ಲದಿದ್ದರೆ ಆ ಹೆಸರು ಬಳಸುವಂತಿಲ್ಲ. ನೇಕಾರನ ಕೆಲಸ ಅವನ ಊರಲ್ಲೇ ಉಳಿಯಲು ಆ ಕಾನೂನು ನೆರವಾಗಿದೆ.

ಇನ್ನು ತೊಂದರೆಗಳು. ಮೊದಲನೆಯದು ತೂಕ. ಹಳೆಯ ಬಗೆಯ ಟ್ವೀಡ್ ಒಂದು ಮೀಟರಿಗೆ ಸುಮಾರು ಅರ್ಧ ಕಿಲೋ ತೂಗುತ್ತದೆ. ಊಟಿಯ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿದಾಗ ಅದು ವರ. ಅದೇ ದಿನ ಮಧ್ಯಾಹ್ನ ಬಿಸಿಲೇರಿದಾಗ ಕೋಟು ಕೈಯಲ್ಲಿರುತ್ತದೆ. ಬಸ್ಸು ಘಾಟಿ ಇಳಿದು ಮೇಟ್ಟುಪಾಳಯಂ ತಲುಪುವ ಹೊತ್ತಿಗೆ ಕೈಯಲ್ಲಿ ಹಿಡಿಯಲೂ ಭಾರ. ತಾಳವಾಡಿಯ ಏಪ್ರಿಲ್ ಮದುವೆಗೆ ಅದನ್ನು ತೊಟ್ಟು ಹೋಗುವುದು ಶಿಕ್ಷೆಯೇ ಸರಿ.

ಎರಡನೆಯದು ಚುಚ್ಚುವಿಕೆ. ಉಣ್ಣೆಯ ಎಳೆಯ ದಪ್ಪ 30 ಮೈಕ್ರಾನ್ ದಾಟಿದರೆ ಅದರ ತುದಿ ಚರ್ಮಕ್ಕೆ ಚುಚ್ಚುತ್ತದೆ. ಮೆರಿನೊ ಕುರಿಯ ಉಣ್ಣೆ ಇದಕ್ಕಿಂತ ಬಹಳ ಸಣ್ಣದು, ಅದಕ್ಕೇ ಮೃದು. ಟ್ವೀಡ್ ಒರಟು ಉಣ್ಣೆಯದು. ಒಳಗೆ ಅಸ್ತರಿ ಇದ್ದರೂ ಕತ್ತು, ಮಣಿಕಟ್ಟುಗಳಲ್ಲಿ ತುರಿಕೆ ಬರಬಹುದು.

ಮೂರನೆಯದು ನಮ್ಮ ಬೆಟ್ಟದ ತೇವ. ಇಲ್ಲಿ ನೈಋತ್ಯ ಮಳೆಯೂ ಬರುತ್ತದೆ, ಈಶಾನ್ಯ ಮಳೆಯೂ ಬರುತ್ತದೆ. ಬೀರುವಿನಲ್ಲಿ ಮುಚ್ಚಿಟ್ಟ ಉಣ್ಣೆಗೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ನುಸಿ. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಬೆವರು, ಸಾರು ತಾಗಿದ ಜಾಗವೆಂದರೆ ಅದಕ್ಕೆ ಇನ್ನೂ ಇಷ್ಟ. ತೊಟ್ಟ ಕೋಟನ್ನು ಹಾಗೇ ಒಳಗಿಟ್ಟರೆ ಮುಂದಿನ ವರ್ಷ ತೂತು ಎಣಿಸಬೇಕಾಗುತ್ತದೆ. ಮನೆಯಲ್ಲಿ ಒಗೆದರೆ ಕುಗ್ಗುತ್ತದೆ. ಡ್ರೈಕ್ಲೀನಿಂಗ್‌ಗೆ ಪ್ರತಿ ಸಲ ಖರ್ಚು.

ನಾಲ್ಕನೆಯದು ಬೆಲೆ. ಅಸಲಿ ಟ್ವೀಡ್ ಕೋಟಿನ ಬೆಲೆ ತೋಟದ ದಿನಗೂಲಿಯ ಮನೆಗೆ ಎಟುಕುವಂಥದ್ದಲ್ಲ. ಅಗ್ಗಕ್ಕೆ ಸಿಗುವ ಹಲವು 'ಟ್ವೀಡ್'ಗಳು ಚೌಕಳಿ ಹಾಕಿದ ಪಾಲಿಯೆಸ್ಟರ್. ಒಳಹೊಲಿಗೆಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅದು ಚಳಿಗೂ ಆಗದು, ಸೆಕೆಗೂ ಆಗದು.

ಇಷ್ಟು ಹೇಳಿದ ಮೇಲೆ ನಮ್ಮ ಮನಸ್ಸಿನ ಮಾತು. ಟ್ವೀಡ್ ಅಂದರೆ ಯಾರದೋ ಊರಿನ ಕಂಬಳಿ. ನಮ್ಮ ಕನ್ನಡದ ಜನರ ಕಂಬಳಿಯ ಕಥೆಯೂ ಹೆಚ್ಚುಕಡಿಮೆ ಅದೇ. ದಖ್ಖನಿ ಕುರಿಯ ಒರಟು ಕರಿ ಉಣ್ಣೆ, ಮನೆಯ ಹೆಂಗಸರು ನೂತ ನೂಲು, ಗುಂಡಿಮಗ್ಗ, ಎಳೆಗೆ ಹುಣಸೆ ಬೀಜದ ಗಂಜಿ. ಚಳ್ಳಕೆರೆಯ ಕಂಬಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ರಾಯದುರ್ಗ, ಮಡಕಶಿರಾ, ಜತ್ತದ ಕಡೆಯ ಕುರಿಗಾಹಿಯ ಹೆಗಲ ಮೇಲೆ ಮಳೆಗೂ ಚಳಿಗೂ ಅದೇ ಇರುತ್ತಿತ್ತು. ಹೆಬ್ರಿಡೀಸಿನ ಕಂಬಳಿಗೆ ಕಾಲರು, ಗುಂಡಿ ಬಂದವು, ಕಾನೂನಿನ ರಕ್ಷಣೆಯೂ ಬಂತು. ನಮ್ಮ ಕಂಬಳಿಗೆ ಮೂಲೆ ಸಿಕ್ಕಿತು. ಎರಡರ ನಡುವಿನ ಈ ಅಂತರಕ್ಕೆ ಉಣ್ಣೆ ಕಾರಣವಲ್ಲ, ಅದನ್ನು ಯಾರು ತೊಟ್ಟರು ಎಂಬುದು ಕಾರಣ. ನಮ್ಮ ಅಜ್ಜಂದಿರು ಹೊದ್ದದ್ದನ್ನು ನೋಡಿ ನಾಚಿಕೆಪಟ್ಟು, ಇನ್ನೊಬ್ಬರ ಅಜ್ಜಂದಿರು ಹೊದ್ದದ್ದಕ್ಕೆ ಸಾಲ ಮಾಡುವುದು ನಮಗೆ ಸರಿ ಕಾಣುವುದಿಲ್ಲ.

ಸಾಲ ಎಂದದ್ದು ಸುಮ್ಮನೆ ಅಲ್ಲ. ಮದುವೆಗೆ ವರನಿಗೆ ಕೋಟು ಇರಲೇಬೇಕು ಎಂಬ ಮಾತು ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಒಂದು ದಿನದ ಕೋಟಿಗೆ ಎರಡು ತಿಂಗಳ ಸಂಬಳ ಸುರಿಯುವ ಗೆಳೆಯರಿದ್ದಾರೆ. ಕೋಟಿಲ್ಲವೆಂದು ಅಣ್ಣನ ಮದುವೆಯ ಫೋಟೊದಲ್ಲಿ ಹಿಂದೆ ಸರಿದು ನಿಲ್ಲುವ ತಮ್ಮಂದಿರೂ ಇದ್ದಾರೆ. ಶುಭ್ರವಾದ ಬಿಳಿ ಅಂಗಿ, ಪಂಚೆ ತೊಟ್ಟವನಿಗೆ ಏನೂ ಕಡಿಮೆಯಿಲ್ಲ ಎಂದು ನಾವು ಗೆಳೆಯರೇ ಮೊದಲು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ಹಾಗಾದರೆ ಟ್ವೀಡ್ ಬೇಡವೇ? ಬೆಟ್ಟದ ಮೇಲೆ ಇರುವವರಿಗೆ, ಚಳಿಯಲ್ಲಿ ಓಡಾಡುವವರಿಗೆ ಬೇಕು ಎನ್ನುತ್ತೇವೆ. ಆದರೆ ಹೊಸದೇ ಆಗಬೇಕಿಲ್ಲ. ಒಬ್ಬರು ತೊಟ್ಟು ಬಿಟ್ಟ ಒಳ್ಳೆಯ ಕೋಟು ಸಿಕ್ಕರೆ ಬೆಳಕಿಗೆ ಹಿಡಿದು ನುಸಿತೂತು ನೋಡಿ. ಹೆಗಲು ಸರಿಯಾಗಿ ಕೂರುತ್ತದೆಯೇ ನೋಡಿ. ತೋಳು, ಸೊಂಟವನ್ನು ದರ್ಜಿ ಸರಿಮಾಡಿಕೊಡುತ್ತಾರೆ, ಹೆಗಲನ್ನು ಸರಿಮಾಡುವುದು ಕಷ್ಟ. ತೊಟ್ಟ ಮೇಲೆ ಬ್ರಷ್ ಮಾಡಿ, ಗಾಳಿಗೆ ತೂಗುಹಾಕಿ, ಬಿಸಿಲು ತೋರಿಸಿ ಒಳಗಿಡಿ. ಮಳೆಗಾಲಕ್ಕೆ ಮೊದಲು ಚೀಲದಲ್ಲಿ ಬಿಗಿಯಾಗಿ ಕಟ್ಟಿ ನುಸಿಗುಳಿಗೆ ಹಾಕಿ.

ಕೊನೆಗೆ ಒಂದು ಕೋರಿಕೆ. ನಮ್ಮಲ್ಲಿ ಕೆಲವರ ಮನೆಯ ಬೀರುವಿನಲ್ಲಿ ಅಪ್ಪನದೋ ಚಿಕ್ಕಪ್ಪನದೋ ಹಳೆಯ ಉಣ್ಣೆಯ ಕೋಟುಗಳು ಯಾರೂ ತೊಡದೆ ತೂಗುತ್ತಿವೆ. ಮುಂದಿನ ಯುವಕೂಟಕ್ಕೆ ಅವುಗಳನ್ನು ತನ್ನಿ. ಅಳತೆ ನೋಡಿ ಬರೆದಿಟ್ಟುಕೊಳ್ಳೋಣ. ಮದುವೆಗೋ ಸಂದರ್ಶನಕ್ಕೋ ಬೇಕಾದ ಗೆಳೆಯ ಒಯ್ಯಲಿ, ಬ್ರಷ್ ಮಾಡಿ ಹಿಂದಿರುಗಿಸಲಿ. ಮೂವತ್ತು ವರ್ಷ ಬಾಳುವ ಬಟ್ಟೆಯನ್ನು ಹತ್ತು ಜನ ತೊಡಬಹುದು.