ಮಳೆಯೊಂದೇ ಅಪರಾಧಿಯೇ?

ಮಳೆಗಾಲದಲ್ಲಿ ಹೊಸ ಡಾಮರು ಹಪ್ಪಳದಂತೆ ಏಳುವುದನ್ನು ಕಾಣದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ದೋಷವನ್ನೆಲ್ಲ ಮಳೆಯ ತಲೆಗೆ ಕಟ್ಟುವುದು ಸುಲಭ. ಆದರೆ ಹಳೆ ಪದರಕ್ಕೂ ಹೊಸ ಪದರಕ್ಕೂ ಬೆಸುಗೆಯಿಲ್ಲದಿರುವುದೂ ಒಂದು ಮುಖ್ಯ ಕಾರಣ.

ಈ ಬೆಸುಗೆಗೆ ಬಳಸುವುದು ಎಮಲ್ಷನ್, ಎಂದರೆ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆತ ಡಾಮರು. ಹಳೆ ಡಾಮರಿನ ಮೇಲೆ ಚದರ ಮೀಟರಿಗೆ 200ರಿಂದ 300 ಗ್ರಾಂ ಸಾಕು. ಮೊದಲು ಧೂಳು ಗುಡಿಸಬೇಕು, ಸಮನಾಗಿ ಸಿಂಪಡಿಸಬೇಕು, ಕಂದು ಬಣ್ಣ ಕಪ್ಪಾಗುವ ತನಕ ಕಾಯಬೇಕು. ಧೂಳಿನ ಮೇಲೆಯೇ ಹಾಸಿದರೆ ಪದರಗಳು ಜಾರುತ್ತವೆ. ಅದೂ ವಾಹನಗಳು ಬ್ರೇಕ್ ಹಾಕುವ ಇಳಿಜಾರು, ತಿರುವುಗಳಲ್ಲಿ ಹೆಚ್ಚು.

ಕೆಲಸ ಮುಗಿದ ಮೇಲೆ ಈ ಲೋಪ ಕಣ್ಣಿಗೆ ಬೀಳದು. ಆದುದರಿಂದ ಡಾಮರು ಹಾಕುವಾಗಲೇ ಊರವರು ನಿಂತು ನೋಡಲಿ, ಕೇಳಲಿ. ಕನ್ನಡದಲ್ಲೇ ಅರ್ಜಿ ಬರೆಯಲು 1969ರ ಕೇರಳ ಆಡಳಿತ ಭಾಷಾ ಕಾಯಿದೆ ನಮಗೆ ಅವಕಾಶವಿತ್ತಿದೆ.