ಹ್ಯಾಮರ್‌ಸ್ಮಿತ್ ಸೇತುವೆಗೆ ಬಸ್ಸು ಮರಳಲಿ

ಲಂಡನ್ನಿನ ಥೇಮ್ಸ್ ನದಿಗೆ 1887ರಲ್ಲಿ ಜೋಸೆಫ್ ಬಜಲ್‌ಗೆಟ್ ಅವರ ವಿನ್ಯಾಸದಂತೆ ಕಟ್ಟಲಾದ ಹ್ಯಾಮರ್‌ಸ್ಮಿತ್ ತೂಗುಸೇತುವೆಯು, ಅದರ ಸರಪಳಿಗಳ ಎಳೆತವನ್ನು ತಾಳುವ ಎರಕದ ಕಬ್ಬಿಣದ ಪೀಠಗಳಲ್ಲಿ ಬಿರುಕುಗಳು ಕಂಡುಬಂದದ್ದರಿಂದ, 2019ರ ಏಪ್ರಿಲ್‌ನಿಂದ ಮೋಟಾರು ವಾಹನಗಳಿಗೆ ಮುಚ್ಚಿದೆ. 2020ರ ಆಗಸ್ಟ್‌ನ ಬಿಸಿಲಿಗೆ ಬಿರುಕುಗಳು ಇನ್ನಷ್ಟು ಬೆಳೆದು ಪಾದಚಾರಿಗಳನ್ನೂ ತಡೆಯಬೇಕಾಯಿತು; ಸುಮಾರು ಒಂದು ವರ್ಷದ ಬಳಿಕ ಅವರಿಗೂ ಸೈಕಲ್ ತಳ್ಳಿಕೊಂಡು ಹೋಗುವವರಿಗೂ ದಾರಿ ತೆರೆಯಿತಾದರೂ ಬಸ್ಸು ಮರಳಲಿಲ್ಲ. ದಕ್ಷಿಣ ದಂಡೆಯ ಬಾರ್ನ್ಸ್‌ನ ವೃದ್ಧರು ಎದುರು ದಂಡೆಯ ಮೆಟ್ರೊ ನಿಲ್ದಾಣವನ್ನು ಮುಟ್ಟಲು ನಡೆಯಬೇಕು, ಇಲ್ಲವೇ ಸುತ್ತು ಹಾಕಬೇಕು.

ಪೂರ್ಣ ದುರಸ್ತಿಗೆ ಸುಮಾರು 25 ಕೋಟಿ ಪೌಂಡ್ ಬೇಕೆಂಬ ಅಂದಾಜಿದ್ದು, ಸ್ಥಳೀಯ ಕೌನ್ಸಿಲ್ ಮತ್ತು ಕೇಂದ್ರ ಸರ್ಕಾರದ ನಡುವಿನ ಹಣದ ಹಗ್ಗಜಗ್ಗಾಟ ಮುಗಿದಿಲ್ಲ. ಕಾರುಗಳನ್ನು ಹೊರಗಿಟ್ಟು, ಭಾರಮಿತಿಗೆ, ಎಂದರೆ ರಚನೆಯು ಸುರಕ್ಷಿತವಾಗಿ ಹೊರಬಲ್ಲ ತೂಕದ ಮೇರೆಗೆ, ಒಳಪಟ್ಟ ಹಗುರ ಬಸ್ಸುಗಳನ್ನು ಒಮ್ಮೆಗೆ ಒಂದರಂತೆ ಬಿಡಲು ಸಾಧ್ಯವೇ ಎಂಬುದನ್ನು ಸಂಬಂಧಪಟ್ಟವರು ಮೊದಲು ಪರಿಶೀಲಿಸುವುದು ಉಚಿತ. 2024ರ ಆಗಸ್ಟ್‌ನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದದ್ದನ್ನು ಕಂಡ ನಮ್ಮ ಲೋಕೋಪಯೋಗಿ ಇಲಾಖೆಯೂ ಹಳೆಯ ಸೇತುವೆಗಳ ಭಾರಮಿತಿಯನ್ನು ಎರಡೂ ತುದಿಗಳಲ್ಲಿ ಫಲಕ ಹಾಕಿ ತಿಳಿಸಬೇಕೆಂದು ವಿನಂತಿ.

– ಓದುಗ, ಕಾರವಾರ