ಅಂಗಳದಲ್ಲಿ ವಾಹನಕ್ಕೆ ಬಣ್ಣ: ಖರ್ಚು ಉಳಿಯಲಿ, ಉಸಿರೂ ಉಳಿಯಲಿ

ಬೆಳ್ಳೂರು: ಹದಿನೈದು ವರ್ಷ ತುಂಬಿದ ಜೀಪೋ ಕಾರೋ ಮನೆಯಲ್ಲಿದ್ದರೆ ಆರ್‌.ಸಿ. ನವೀಕರಣಕ್ಕೆ ಮೊದಲು ಏಳುವ ಪ್ರಶ್ನೆ ಒಂದೇ. ಪೇಂಟಿಂಗ್ ಮಾಡಿಸುವುದಾ, ಮನೆಯಲ್ಲೇ ಮಾಡಿಕೊಳ್ಳುವುದಾ? ಎಂಜಿನ್ ಗಟ್ಟಿ ಉಂಟು, ಗಿಯರ್‌ಬಾಕ್ಸ್‌ಗೂ ಏನೂ ಆಗಿಲ್ಲ. ಬಾಗಿಲ ಅಡಿಯಲ್ಲಿ, ಚಕ್ರದ ಮೇಲಿನ ತಗಡಿನಲ್ಲಿ ತುಕ್ಕು ಹಿಡಿದಿದೆ, ಬಾನೆಟ್ ಬಿಸಿಲಿಗೆ ಮಾಸಿದೆ. ಇಷ್ಟಕ್ಕೆ ಪೇಟೆಯ ವರ್ಕ್‌ಶಾಪಿನಲ್ಲಿ ವಿಚಾರಿಸಿದರೆ ಹಳೆ ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬಣ್ಣಕ್ಕೇ ಹೋಗುವ ಲೆಕ್ಕ ಬರುತ್ತದೆ. ಅಡಿಕೆಗೆ ರೇಟು ಬಂದ ವರ್ಷ ಆದೀತು, ಇಲ್ಲದ ವರ್ಷ? ಹಾಗಾಗಿ ಬೆಳ್ಳೂರು, ಕಿನ್ನಿಂಗಾರು, ನಾಟೆಕಲ್ಲು ಸುತ್ತಿನ ಮನೆಗಳಲ್ಲಿ "ಒಂದು ಕಂಪ್ರೆಸರ್ ಬಾಡಿಗೆಗೆ ತಂದರೆ ಆಯಿತಲ್ಲ ಮಾರಾಯ್ರೆ" ಅನ್ನುವ ಮಾತು ಸಹಜ.

ಮಾತು ತಪ್ಪಲ್ಲ. ಮನೆಯಲ್ಲಿ ಬಣ್ಣ ಹಚ್ಚಬಹುದು, ಚೆನ್ನಾಗಿಯೂ ಬರುತ್ತದೆ. ಆದರೆ ಕಂಪ್ರೆಸರ್ ಬೇಡ, ಅವಸರವೂ ಬೇಡ.

ಖರ್ಚಿನ ಲೆಕ್ಕ

ವರ್ಕ್‌ಶಾಪಿನ ಬಿಲ್ಲಿನಲ್ಲಿ ದೊಡ್ಡ ಭಾಗ ಬಣ್ಣದ್ದಲ್ಲ, ಕೂಲಿಯದ್ದು. ತುಕ್ಕು ಕೆರೆಯುವುದು, ಪುಟ್ಟಿ ತುಂಬುವುದು, ಉಜ್ಜುವುದು, ಟೇಪು ಅಂಟಿಸುವುದು, ಮತ್ತೆ ಉಜ್ಜುವುದು. ಬಣ್ಣ ಹೊಡೆಯುವ ಕೆಲಸ ಒಂದು ದಿನದ್ದು, ಅದಕ್ಕೆ ಮೊದಲಿನ ತಯಾರಿ ಒಂದು ವಾರದ್ದು. ಮನೆಯವರು ಉಳಿಸಬಹುದಾದದ್ದು ಈ ವಾರದ ಕೂಲಿಯನ್ನು. ಹೆಚ್ಚಿನವರು ಮಾಡುವುದು ಮಾತ್ರ ಉಲ್ಟಾ. ತಯಾರಿಯನ್ನು ಅರ್ಧ ದಿನದಲ್ಲಿ ಮುಗಿಸಿ ದುಬಾರಿ ಬಣ್ಣ ತಂದು ಹೊಡೆಯುತ್ತಾರೆ. ತುಕ್ಕಿನ ಮೇಲೆ ಹಚ್ಚಿದ ಬಣ್ಣ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಕಳಚುತ್ತದೆ. ಆಗ ಉಳಿದದ್ದೂ ಹೋಯಿತು, ಖರ್ಚು ಮಾಡಿದ್ದೂ ಹೋಯಿತು.

ರೋಲರ್ ಸಾಕು

ವಾಹನಕ್ಕೆ ಬಣ್ಣ ಎಂದರೆ ಸ್ಪ್ರೇ ಗನ್ ಬೇಕೇ ಬೇಕು ಎಂಬುದು ತಪ್ಪು ತಿಳಿವಳಿಕೆ. ಮೋಟಾರು ವಾಹನಗಳ ಮೊದಲ ಕಾಲದಲ್ಲಿ ಬಣ್ಣ, ವಾರ್ನಿಷ್ ಎಲ್ಲ ಬ್ರಷ್ಷಿನಿಂದಲೇ ನಡೆಯುತ್ತಿತ್ತು. ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923-24ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಕಂಪನಿ ಬೇಗ ಒಣಗುವ 'ಡ್ಯೂಕೋ' ಬಣ್ಣ ತಂದಿತು, ಜನರಲ್ ಮೋಟಾರ್ಸ್ ಅದನ್ನು ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಹೊಡೆಯಿತು. ಗನ್ನಿನ ಕಾಲ ಬಲವಾದದ್ದು ಆಮೇಲೆ. ಹಳೆ ಪೇಂಟರುಗಳ ಬಾಯಲ್ಲಿ 'ಡ್ಯೂಕೋ' ಎಂಬ ಹೆಸರು ಈಗಲೂ ಉಂಟು. ಕಾರ್ಖಾನೆಗೆ ಬೇಕಾದದ್ದು ವೇಗ. ಮನೆಯಲ್ಲಿ ಅಷ್ಟು ವೇಗ ಯಾರಿಗೆ ಬೇಕು?

ಗೇಟು, ಕಿಟಕಿಗೆ ಹಚ್ಚುವ ಒಳ್ಳೆಯ ಸಿಂಥೆಟಿಕ್ ಎನಾಮೆಲ್, ನಾಲ್ಕು ಇಂಚಿನ ಫೋಮ್ ರೋಲರ್, ಟರ್ಪೆಂಟೈನ್, ನೀರಿನಲ್ಲಿ ಉಜ್ಜುವ ಎಮರಿ ಪೇಪರ್ ಇದ್ದರೆ ಸಾಕು. ಸಣ್ಣ ಕಾರಿಗೆ ಎರಡು, ಮೂರು ಲೀಟರ್ ಬಣ್ಣ ಹಿಡಿಯುತ್ತದೆ. ಮೊದಲು ಸೋಪಿನ ನೀರಿನಲ್ಲಿ ಎಣ್ಣೆ, ಗ್ರೀಸ್ ಪೂರ್ತಿ ತೆಗೆಯಬೇಕು. ತುಕ್ಕನ್ನು ತಂತಿಯ ಬ್ರಷ್ಷಿನಲ್ಲಿ ಹೊಳೆಯುವ ತಗಡು ಕಾಣುವವರೆಗೆ ಕೆರೆದು ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ತಗಡು ತೂತಾಗಿದ್ದರೆ ಪುಟ್ಟಿಯಿಂದ ಮುಚ್ಚುವ ಉಪಾಯ ನಿಲ್ಲುವುದಿಲ್ಲ. ಅಲ್ಲಿಗೆ ವೆಲ್ಡಿಂಗೇ ಆಗಬೇಕು. ಗಟ್ಟಿಯಾಗಿರುವ ಹಳೆ ಬಣ್ಣವನ್ನು ಕಿತ್ತು ತೆಗೆಯಬೇಕಾಗಿಲ್ಲ, 400 ನಂಬರಿನ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆದರೆ ಹೊಸ ಬಣ್ಣ ಹಿಡಿಯುತ್ತದೆ. ಗಾಜಿಗೆ, ದೀಪಕ್ಕೆ ಟೇಪು ಮತ್ತು ಹಳೆ ಪೇಪರ್ ಅಂಟಿಸಿದರೆ ತಯಾರಿ ಮುಗಿಯಿತು.

ಬಣ್ಣವನ್ನು ಟರ್ಪೆಂಟೈನ್ ಸೇರಿಸಿ ಹಾಲಿನ ಹದಕ್ಕೆ ತೆಳು ಮಾಡಿ ಹಚ್ಚುವುದು. ಮೊದಲ ಕೋಟ್ ನೋಡಿದರೆ ಯಾರಿಗೂ ಮನಸ್ಸು ಕೆಡುತ್ತದೆ, ಅಲ್ಲಲ್ಲಿ ಹಳೆ ಬಣ್ಣ ಇಣುಕುತ್ತಿರುತ್ತದೆ. ಹಾಗೆಂದು ದಪ್ಪ ಮಾಡಿದರೆ ಸೋರಿ ಗೆರೆ ಬೀಳುತ್ತದೆ. ಆರೇಳು ತೆಳು ಕೋಟ್ ಬೇಕು. ಎರಡು ಕೋಟಿಗೊಮ್ಮೆ ಚೆನ್ನಾಗಿ ಒಣಗಿದ ಮೇಲೆ 600, ಆಮೇಲೆ 1000 ನಂಬರಿನಲ್ಲಿ ನೀರು ಹಾಕಿ ಮೆಲ್ಲ ಉಜ್ಜಬೇಕು. ಕೊನೆಗೆ ಕೆಲವು ವಾರ ಗಟ್ಟಿಯಾಗಲು ಬಿಟ್ಟು 1500, 2000 ಪೇಪರ್, ಮತ್ತೆ ರಬ್ಬಿಂಗ್ ಕಾಂಪೌಂಡ್. ಹೊಳಪು ಬರುವುದು ಈ ಕೊನೆಯ ಉಜ್ಜುವಿಕೆಯಿಂದ.

ಇದರ ಮಿತಿಯನ್ನೂ ಹೇಳಬೇಕು. ಮೆಟಾಲಿಕ್ ಬಣ್ಣ ರೋಲರಿನಲ್ಲಿ ಆಗುವುದಿಲ್ಲ, ಒಳಗಿನ ಮಿನುಗು ಚೂರುಗಳು ಒಂದೇ ಸಮ ಕೂರುವುದಿಲ್ಲ. ಬಿಳಿ, ಕೆಂಪು, ನೀಲಿಯಂಥ ಸಾದಾ ಬಣ್ಣ ಆಗಬೇಕು. ಎನಾಮೆಲ್ ಬಿಸಿಲಿಗೆ ಕಂಪನಿ ಬಣ್ಣಕ್ಕಿಂತ ಬೇಗ ಹೊಳಪು ಕಳೆದುಕೊಳ್ಳುತ್ತದೆ. ಎನಾಮೆಲ್ ಮೇಲೆ ಮುಂದೆ ಎನ್‌.ಸಿ. ಬಣ್ಣ ಹೊಡೆದರೆ ಅದರ ಥಿನ್ನರ್ ತಾಗಿ ಅಡಿಯ ಬಣ್ಣ ಸುಕ್ಕಾಗಿ ಎದ್ದು ಬರುತ್ತದೆ. ಹೊಸ ಕಾರಿಗೆ ಈ ದಾರಿ ಬೇಡ. ತೋಟಕ್ಕೆ, ಸೊಸೈಟಿಗೆ ಹೋಗಿ ಬರುವ ಹಳೆ ಜೀಪಿಗೆ ಧಾರಾಳ ಸಾಕು.

ಮಳೆ, ಅಡಿಕೆ, ಅಂಗಳ

ಇಲ್ಲಿಯ ಹವೆಗೆ ದಿನ ನೋಡಿಯೇ ಕೆಲಸ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಡಿಸೆಂಬರ್ ನಂತರ ಅಂಗಳ ಅಡಿಕೆಗೆ ಸೇರಿದ್ದು, ಧೂಳೂ ಜಾಸ್ತಿ. ಹಾಗೆ ನೋಡಿದರೆ ಮಳೆ ಬಿಟ್ಟು ಅಡಿಕೆ ಅಂಗಳಕ್ಕೆ ಬರುವ ಮೊದಲಿನ ಕೆಲವು ವಾರ, ಇಲ್ಲವೇ ಅಡಿಕೆ ಎದ್ದ ಮೇಲೆ ಮೊದಲ ಗುಡುಗು ಮಳೆಗೆ ಮುಂಚಿನ ದಿನಗಳು ಒಳ್ಳೆಯದು. ಬೆಳಿಗ್ಗೆ ಮಂಜು ಪೂರ್ತಿ ಆರಿದ ಮೇಲೆ ಶುರು ಮಾಡಿ, ಸಂಜೆ ದೀಪಕ್ಕೆ ಹುಳ ಬರುವ ಮೊದಲು ನಿಲ್ಲಿಸಬೇಕು. ಸುಡುಬಿಸಿಲಿನಲ್ಲಿ ಕಾದ ತಗಡಿಗೆ ಹಚ್ಚಿದರೆ ರೋಲರಿನ ಗುರುತು ಹಾಗೇ ಉಳಿಯುತ್ತದೆ. ಅದಕ್ಕೆ ಶೀಟು ಹಾಕಿದ, ಎರಡು ಬದಿ ಗಾಳಿಯಾಡುವ ಕೊಟ್ಟಿಗೆ ಸರಿ.

ಮೂಗಿಗೆ ಕಟ್ಟಿದ ಬೈರಾಸು ಸಾಲದು

ಈಗ ಕಂಪ್ರೆಸರ್ ಬೇಡ ಎಂದದ್ದರ ಕಾರಣ. ವರ್ಕ್‌ಶಾಪಿನವರು ಹಾರ್ಡನರ್ ಬೆರೆಸಿ ಹೊಡೆಯುವ ಟು-ಪ್ಯಾಕ್ ಪಿ.ಯು. ಬಣ್ಣದ ಆ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಗನ್ನಿನಿಂದ ಮಂಜಿನ ಹಾಗೆ ಹಾರಿದಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಸ್ತಮಾ ತರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ವಾಸನೆ ಬಡಿಯುವಷ್ಟರಲ್ಲಿ ಅಪಾಯದ ಮಟ್ಟ ದಾಟಿರುತ್ತದೆ. ಇದನ್ನು ತಿಳಿದ ಕಡೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮಾಸ್ಕ್ ಹಾಕಿ ಪ್ರತ್ಯೇಕ ಕೋಣೆಯಲ್ಲಿ ಹೊಡೆಯುತ್ತಾರೆ. ಬೈರಾಸು ಕಟ್ಟಿಕೊಂಡು, ಪಕ್ಕದ ಜಗಲಿಯಲ್ಲಿ ಮಕ್ಕಳು ಆಡುತ್ತಿರುವಾಗ ಮಾಡುವ ಕೆಲಸ ಇದಲ್ಲ.

ಎನ್‌.ಸಿ. ಥಿನ್ನರಿನದ್ದು ಬೇರೆ ಭಯ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಹೋಗುತ್ತದೆ. ಬಚ್ಚಲ ಒಲೆಯಲ್ಲಿ ಕೆಂಡ ಆರದ ಮನೆಗಳು ಇಲ್ಲಿ ಎಷ್ಟೋ ಉಂಟು. ಅಷ್ಟು ಸಾಕು ಬೆಂಕಿಗೆ. ರೋಲರ್, ಟರ್ಪೆಂಟೈನ್ ಇಟ್ಟುಕೊಂಡರೂ ಒಲೆಯಿಂದ ದೂರ ಇರಬೇಕು. ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಒಳಗೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಒಣಗಿಸಬೇಕು.

ನೀರಿನ ಮಾತೂ ಇದೆ. ಬಾವಿ, ಕೆರೆ, ಸುರಂಗದ ನೀರು ಕುಡಿಯುವ ಊರು ಇದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆ ವಾಹನದ ಹಳೆ ಬಣ್ಣದಲ್ಲಿ ಸೀಸ ಇರಬಹುದು. ಉಜ್ಜಿದ ನೀರು, ಬ್ರಷ್ ತೊಳೆದ ಟರ್ಪೆಂಟೈನ್ ಬಾವಿಕಟ್ಟೆಯ ಕಡೆಗೋ ತೋಟದ ಚರಂಡಿಗೋ ಹರಿಯಬಾರದು. ಒಣ ಉಜ್ಜುವಿಕೆಗಿಂತ ನೀರು ಹಾಕಿ ಉಜ್ಜುವುದೇ ಲೇಸು, ಧೂಳು ಹಾರುವುದಿಲ್ಲ.

ಆರ್‌.ಸಿ. ಒಮ್ಮೆ ನೋಡಿ

ಇದ್ದ ಬಣ್ಣವನ್ನೇ ಹಚ್ಚಿದರೆ ತಾಪತ್ರಯ ಇಲ್ಲ. ಬೇರೆ ಬಣ್ಣ ಆದರೆ ಆರ್‌.ಟಿ.ಒ. ಕಚೇರಿಯಲ್ಲಿ ಅರ್ಜಿ ಕೊಟ್ಟು ಆರ್‌.ಸಿ.ಯಲ್ಲಿ ಬದಲಾಯಿಸಿಕೊಳ್ಳಬೇಕು. ಜೀಪಿಗೆ ಮಿಲಿಟರಿ ಹಸಿರು ಹಚ್ಚುವ ಆಸೆ ಹುಡುಗರಿಗೆ ಇದ್ದೇ ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಗಡಿ ದಾಟಿ ಈಶ್ವರಮಂಗಲಕ್ಕೋ ಪುತ್ತೂರಿಗೋ ಹೋಗುವ ಕೆ.ಎಲ್. 14 ವಾಹನಕ್ಕೆ ಎರಡು ರಾಜ್ಯದ ತಪಾಸಣೆ. ಕಾಗದದಲ್ಲಿ ಬಿಳಿ, ಎದುರಿಗೆ ಕೆಂಪು ಎಂದಾದರೆ ಉತ್ತರ ಹೇಳುವವರು ಯಾರು? ಇನ್ನೊಂದು, ಚಾಸಿಸ್ ನಂಬರಿನ ಮೇಲೆ ಪುಟ್ಟಿ, ಬಣ್ಣ ಮೆತ್ತಬಾರದು. ನಂಬರ್ ಓದಲಾಗದಿದ್ದರೆ ಟೆಸ್ಟಿಂಗ್ ದಿನ ಕೆರೆಯುತ್ತಾ ನಿಲ್ಲಬೇಕಾದೀತು.

ಎಚ್ಚರಿಕೆ ಯಾರ ಭಾಷೆಯಲ್ಲಿ?

ಎಂಡೋಸಲ್ಫಾನ್ ಬಾಧಿತವೆಂದು ಗುರುತಿಸಿದ ಜಿಲ್ಲೆಯ 11 ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಡುವುದು ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಆ ದುರಂತಕ್ಕೂ ಅಂಗಳದ ಪೇಂಟಿಂಗಿಗೂ ಹೋಲಿಕೆ ಇಲ್ಲ, ಹೋಲಿಸುವುದೂ ಸರಿಯಲ್ಲ. ಆದರೆ ಗಾಳಿಯಲ್ಲಿ ಹಾರುವ ವಿಷ ಕಣ್ಣಿಗೆ ಕಾಣುವುದಿಲ್ಲ ಎಂದು ಇಷ್ಟು ಕಷ್ಟಪಟ್ಟು ಕಲಿತ ಊರು ಇನ್ನೊಂದಿಲ್ಲ. ಆ ಪಾಠ ಮನೆಯಂಗಳದಲ್ಲಿ ಮರೆತುಹೋಗಬಾರದು.

ಮರೆಯದಿರಬೇಕಾದರೆ ಓದಲು ಆಗಬೇಕು. ಹಾರ್ಡನರಿನ ಡಬ್ಬಿಯ ಮೇಲೆ ಎಚ್ಚರಿಕೆ ಇರುತ್ತದೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮನೆಯಲ್ಲಿ ತುಳು, ಕನ್ನಡ, ಮರಾಠಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಅರ್ಜಿ ಫಾರಂ ಕನ್ನಡದಲ್ಲಿ ಬೇಕೆಂದು ಕೇಳುವ ಬಾಯಿಗಳು ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಸಾಲನ್ನೂ ಕನ್ನಡದಲ್ಲಿ ಕೇಳಬೇಕು. ಬಣ್ಣದಂಗಡಿಯವರು ಹಾರ್ಡನರ್ ಮಾರುವಾಗ ಒಂದು ಕನ್ನಡ ಚೀಟಿ ಕೊಟ್ಟರೆ ಅವರ ಗಂಟೇನೂ ಹೋಗದು. ಪಂಚಾಯತು ಮನಸ್ಸು ಮಾಡಿದರೆ ಒಂದು ಭಾನುವಾರ ಅನುಭವಿ ಪೇಂಟರರನ್ನೇ ಕರೆಸಿ ಯುವಕರಿಗೆ ಹೇಳಿಸಬಹುದು.

ಇದರಿಂದ ಪೇಂಟರರ ಹೊಟ್ಟೆಗೆ ಕಲ್ಲು ಬಿದ್ದೀತು ಎಂಬ ಅಳುಕು ಬೇಡ. ವೆಲ್ಡಿಂಗ್, ಟಿಂಕರಿಂಗ್, ಮೆಟಾಲಿಕ್, ಟು-ಪ್ಯಾಕ್ ಎಲ್ಲ ಅವರದ್ದೇ. ಕೆರೆದು ಉಜ್ಜಿ ತಯಾರು ಮಾಡಿದ ವಾಹನವನ್ನು ಕೊನೆಯ ಕೋಟಿಗೆ ಅವರಲ್ಲಿಗೆ ಒಯ್ದರೂ ಬಿಲ್ಲು ಸಾಕಷ್ಟು ಇಳಿಯುತ್ತದೆ. ಬೈರಾಸು ಕಟ್ಟಿಕೊಂಡೇ ದಿನವಿಡೀ ಗನ್ ಹಿಡಿಯುವ ಆ ಕೆಲಸಗಾರನಿಗೂ ಸರಿಯಾದ ಮಾಸ್ಕ್ ಉಂಟಾ ಎಂದು ಗಿರಾಕಿ ಒಮ್ಮೆ ಕೇಳಲಿ. ಹಾಗೆ ಕೇಳುವವರು ನಾಲ್ಕು ಜನ ಆದರೆ ಮಾಸ್ಕ್ ತಾನಾಗಿ ಬಂದೀತು.